ಗಾಜು ತಿಂದ ನಿಯಾನ್

ಎರಡು ಕೆನ್ನೆಗಳನ್ನೂ ಉಬ್ಬಿಸಿಕೊಂಡು, ಕಣ್ಣು ಅಗಲಿಸಿ, ಬಾಯಿ ಬಿಗಿಯಾಗಿ ಮುಚ್ಚಿ, ತೋರುಬೆರಳನ್ನು ಸ್ವಿಚ್ಚಿನ ಮೇಲಿಟ್ಟು ನಿಂತ ಭಂಗಿ. ನಮ್ಮ ಅಟೆಂಡರ್ ನೆನಪಾದಾಗಲೆಲ್ಲ ಮೊದಲು ಕಣ್ಣಿಗೆ ಬರುವುದು ಅದೇ. ನಿಯಾನ್ ಟ್ಯೂಬಿನ ಕೆಂಪು ಬೆಳಕು ಬಿದ್ದು ಅವರ ಬಿಳಿ ಮೀಸೆ ಎಲೆಅಡಿಕೆ ಮೆದ್ದ ಬಾಯಿಯ ಬಣ್ಣಕ್ಕೆ ತಿರುಗುತ್ತಿತ್ತು. ಕತ್ತಿನ ನರ ಉಬ್ಬುತ್ತಿತ್ತು. ನೋಡಿದವರು ಇವರಿಗೆ ಕರೆಂಟು ಹೊಡೆದಿದೆ ಎಂದೇ ತಿಳಿಯಬೇಕು. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಹಾಗೆಯೇ ತಿಳಿದು, ಮೇನ್ ಸ್ವಿಚ್ ಆರಿಸಲು ಓಡಿ, ಇಡೀ ಲ್ಯಾಬನ್ನು ಕತ್ತಲು ಮಾಡಿದ್ದೆ.

ಕತ್ತಲಲ್ಲಿ 'ಉಸ್ಸಪ್ಪಾ' ಎಂಬ ಸದ್ದು ಕೇಳಿಸಿತು.

"ಕರೆಂಟಲ್ಲ ಮೇಡಮ್ಮೋರೆ, ಉಸ್ರು ಹಿಡ್ಕಂಡಿದ್ದೆ. ನನ್ ಉಸ್ರು ಎಷ್ಟೊತ್ತೋ ಟೂಬೂ ಅಷ್ಟೊತ್ತೇ. ಆಮ್ಯಾಕೆ ಆರುಸ್ಬುಡದು. ಇದು ಈ ಲ್ಯಾಬಿನ್ ಕಾನೂನು."

ಮದ್ದೂರು ಕಡೆಯ ಒಂದು ಕಾಲೇಜು ಅದು. ನಾನು ಮಳವಳ್ಳಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ಅತಿಥಿ ಉಪನ್ಯಾಸಕಿ. ಎಂ.ಎಸ್ಸಿ.ಯಲ್ಲಿ ರ್‍ಯಾಂಕ್ ಬಂದಿತ್ತು. ಆ ರ್‍ಯಾಂಕಿನ ಭಾರಕ್ಕೆ ತಲೆ ವಸಿ ಹಿಂದಕ್ಕೇ ವಾಲಿಕೊಂಡಿತ್ತು ಎಂದು ಆಮೇಲೆ ಅಟೆಂಡರೇ ಹೇಳಿದರು. ಅವರು ಕೊತ್ತತ್ತಿಯವರು. ಬೆಳಿಗ್ಗೆ ಗದ್ದೆಗೆ ನಾಲೆ ನೀರು ತಿರುಗಿಸಿ, ಕೈಕಾಲು ತೊಳೆದು, ಮೊಪೆಡ್ ಹತ್ತಿ ಹತ್ತು ಗಂಟೆಗೆ ಸರಿಯಾಗಿ ಲ್ಯಾಬಿನ ಬೀಗ ತೆಗೆಯುತ್ತಿದ್ದರು. ಮೂವತ್ತೆರಡು ವರ್ಷದಿಂದ ತೆಗೆದ ಬೀಗ. ಅದಕ್ಕೆ ಬೇರೆ ಯಾರ ಕೈ ತಾಕಿದರೂ ಅದು ಸುಲಭಕ್ಕೆ ತೆರೆದುಕೊಳ್ಳುತ್ತಿರಲಿಲ್ಲ.

ಆ ಟ್ಯೂಬಿನ ವಿಷಯ ಒಂದಿಷ್ಟು ಹೇಳಬೇಕು. ಒಂದು ಗೇಣುದ್ದದ ಗಾಜಿನ ಕೊಳವೆ. ನಡುವೆ ಸಣ್ಣ, ಎರಡು ತುದಿಯಲ್ಲಿ ದಪ್ಪ. ಒಳಗಿನ ಗಾಳಿಯನ್ನೆಲ್ಲ ಎಳೆದುಹಾಕಿ, ಚೂರೇ ಚೂರು ನಿಯಾನ್ ಅನಿಲ ಬಿಟ್ಟು, ಬಾಯಿಯನ್ನು ಶಾಶ್ವತವಾಗಿ ಮುಚ್ಚಿರುತ್ತಾರೆ. ತುದಿಗಳಿಗೆ ಸಾವಿರಾರು ವೋಲ್ಟು ಕೊಟ್ಟರೆ ಒಳಗೆ ಕೆಂಪಗೆ ಉರಿಯುತ್ತದೆ. ಆ ಬೆಳಕನ್ನು ಪ್ರಿಸಮ್ಮಿನ ಮೂಲಕ ಹಾಯಿಸಿ ದುರ್ಬೀನಿನಲ್ಲಿ ನೋಡಿ, ಗೆರೆಗೆರೆಯಾಗಿ ಒಡೆದ ಬಣ್ಣಗಳ ಜಾಗವನ್ನು ಅಳೆಯುವುದು ವಿದ್ಯಾರ್ಥಿಗಳ ಪ್ರಯೋಗ. ಬೇರೆ ಕಾಲೇಜುಗಳಲ್ಲಿ ಟ್ಯೂಬು ಹಚ್ಚಿಟ್ಟು ಆರಾಮಾಗಿ ಅಳೆಯುತ್ತಾರೆ. ನಮ್ಮಲ್ಲಿ ಅಟೆಂಡರ ಒಂದು ಉಸಿರಿನೊಳಗೆ ಅಳೆಯಬೇಕು. ಉಸಿರು ಹಿಡಿದವರು ಮಾತಾಡುವಂತಿಲ್ಲವಾದ್ದರಿಂದ ಎಲ್ಲ ಆಜ್ಞೆಗಳೂ ಹುಬ್ಬಿನಲ್ಲಿ. ಒಂದು ಹುಬ್ಬು ಏರಿದರೆ ಬೇಗ ನೋಡು ಎಂದರ್ಥ. ಎರಡೂ ಏರಿದರೆ ಮುಗಿಯಿತು, ಬರೆದುಕೋ. ಹಾಗೆ ಕಲಿತ ನಮ್ಮ ಹುಡುಗರ ವೇಗ ನೋಡಿ, ಪರೀಕ್ಷೆಗೆ ಬಂದ ಹೊರಗಿನ ಪರೀಕ್ಷಕರೊಬ್ಬರು ಮಧ್ಯಾಹ್ನಕ್ಕೇ ಕೆಲಸ ಮುಗಿಸಿ ಕೊಕ್ಕರೆ ಬೆಳ್ಳೂರಿಗೆ ಹಕ್ಕಿ ನೋಡಲು ಹೊರಟಿದ್ದರು.

"ಇದೆಲ್ಲ ಯಾಕೆ?" ಎಂದು ಕೇಳಿದೆ ಒಮ್ಮೆ, ರ್‍ಯಾಂಕಿನ ಧ್ವನಿಯಲ್ಲಿ.

"ಜಾಸ್ತಿ ಉರ್ಸುದ್ರೆ ಗಾಜು ನಿಯಾನ್ ತಿಂದಾಕ್ಬುಡ್ತದೆ."

ನಾನು ನಕ್ಕುಬಿಟ್ಟೆ. ನಿಯಾನ್ ರಾಜಾನಿಲ, ಅದು ಯಾರೊಂದಿಗೂ ಸೇರುವುದಿಲ್ಲ, ಗಾಜಿನೊಂದಿಗಂತೂ ಇಲ್ಲವೇ ಇಲ್ಲ ಎಂದು ಪಾಠ ಮಾಡಿದೆ. ಹಳೆಯ ಟ್ಯೂಬುಗಳು ಸತ್ತಿದ್ದರೆ ಎಲ್ಲೋ ಸೋರಿರಬೇಕು ಎಂದೆ.

ಅವರು ಟೀ ಲೋಟ ಕೆಳಗಿಟ್ಟರು. "ಸೋರುದ್ರೆ ಒಳೀಕೆ ಗಾಳಿ ಬರ್ಬೇಕಲ್ವಾ? ಗಾಳಿ ಬಂದಿದ್ರೆ ಬಣ್ಣ ಬ್ಯಾರೆ ಆಗ್ಬೇಕಾಗಿತ್ತು. ನಾ ಸಾಯ್ಸಿರೋ ಟೂಬಲ್ಲಿ ಬಣ್ಣ ಬದ್ಲಾಗ್ನಿಲ್ಲ, ಬರ್ತಾ ಬರ್ತಾ ಬಡವಾಗಿ ನಿಂತೋದೋ. ಎಲ್ಲಿಗೋಯ್ತು ಯೋಳಿ ಮತ್ತೆ. ರಾಜ ಯಾರ್ ಜೊತೆಗೂ ಸೇರಾಕಿಲ್ಲ, ದಿಟವೇಯಾ. ಆದ್ರೆ ಯಾರಾದ್ರೂ ಕತ್ ಹಿಡ್ದು ಗೋಡೆಗೆ ನೂಕುದ್ರೆ ರಾಜನೂ ಅಂಟ್ಕತಾನೆ."

ಆ ರಾತ್ರಿ ಪುಸ್ತಕ ತೆಗೆದು ನೋಡಿದೆ. ಪುಸ್ತಕವೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತಿತ್ತು, ಕತ್ತು ಹಿಡಿಯುವ ಮಾತೊಂದನ್ನು ಬಿಟ್ಟು. ವಿದ್ಯುತ್ತು ಹರಿದಾಗ ನಿಯಾನಿನ ಕಣಗಳು ವಿದ್ಯುದಾವೇಶ ಪಡೆದು ಜೋರಾಗಿ ಗೋಡೆಗೆ ಬಡಿಯುತ್ತವೆ. ಕೆಲವು ಗಾಜಿನೊಳಗೇ ಹೊಕ್ಕು ಕೂರುತ್ತವೆ. ತುದಿಯ ಲೋಹವೂ ಸವೆದು ಕಪ್ಪಾಗಿ ಗಾಜಿಗೆ ಮೆತ್ತಿ, ಇನ್ನಷ್ಟು ನಿಯಾನನ್ನು ಮುಚ್ಚಿಹಾಕುತ್ತದೆ. ಹೆಚ್ಚು ಹೊತ್ತು ಉರಿಸಿದಷ್ಟೂ ಒಳಗಿನದು ಕರಗುತ್ತಾ ಬರುತ್ತದೆ. ಮಾರನೆಯ ದಿನ ಅವರಿಗೆ ಇದನ್ನು ಒಪ್ಪಿಕೊಂಡೆ. ಅವರು, "ಪುಸ್ತಕ್ದೋರ್ಗೂ ಗೊತ್ತಾಗೋಯ್ತಾ?" ಎಂದಷ್ಟೇ ಕೇಳಿದರು.

ಇಂಥವರು ಅವರು. ಮಾತು ಒರಟು, ಕೈ ಮೃದು. ಲೆನ್ಸನ್ನು ಎತ್ತಿಕೊಳ್ಳುವಾಗ ಆಗ ತಾನೇ ಹುಟ್ಟಿದ ಕರುವನ್ನು ಹಿಡಿಯುವಂತೆ ಎರಡೂ ಕೈ ಒಡ್ಡುತ್ತಿದ್ದರು. ಹುಡುಗನೊಬ್ಬ ಏನಾದರೂ ಬೀಳಿಸಿದರೆ, "ಲೇ, ನಿಮ್ಮಟ್ಟೀಲಿ ಮುದ್ದೆ ಹಿಂಗೇ ಬೀಳುಸ್ತೀಯೇನ್ಲಾ?" ಎಂದು ಬೈದು, ಅವನು ಆಚೆ ಹೋದ ಮೇಲೆ ತಾವೇ ಕೂತು ಅಂಟಿಸುತ್ತಿದ್ದರು. ಮೇಷ್ಟ್ರುಗಳು ಬೀಳಿಸಿದರೂ ಹಾಗೆಯೇ. ಒಂದು ವ್ಯತ್ಯಾಸವಿತ್ತು. ಹುಡುಗ ಬೀಳಿಸಿದರೆ ಹುಡುಗ ಬೀಳಿಸಿದ ಎನ್ನುತ್ತಿದ್ದರು. ಮೇಷ್ಟ್ರು ಬೀಳಿಸಿದರೆ, "ಅಟೆಂಡರ್ ಸರಿಯಾಗಿ ಇಟ್ಟಿರಲಿಲ್ಲ" ಎಂದು ಮೇಷ್ಟ್ರೇ ಹೇಳುತ್ತಿದ್ದರು. ಅದು ನಮ್ಮ ಕಾಲೇಜಿನಲ್ಲಿ ರಾಷ್ಟ್ರಗೀತೆಯಷ್ಟೇ ಹಳೆಯ ಪದ್ಧತಿ. ಅವರು ಜಗಳಕ್ಕೆ ಹೋಗುತ್ತಿರಲಿಲ್ಲ. "ಒಡ್ದಿದ್ದು ಯಾರು ಅಂತ ಕೇಳ್ಬ್ಯಾಡಿ, ಅಂಟ್ಸೋರು ಯಾರು ಅಂತ ಕೇಳಿ" ಎನ್ನುತ್ತಿದ್ದರು. ವರ್ಷಕ್ಕೊಮ್ಮೆ ಸಾಮಾನು ಪರಿಶೀಲನೆಗೆ ಬರುವ ಹೊತ್ತಿಗೆ ಒಡೆದದ್ದೆಲ್ಲ ಕೂಡಿಕೊಂಡು, ಬೀರುವಿನಲ್ಲಿ ಸಾಲಾಗಿ ನಿಂತಿರುತ್ತಿತ್ತು. ಹಾಗಾಗಿ ಅವರ ಸೇವಾ ಪುಸ್ತಕದಲ್ಲಿ ಒಂದು ಕೆಂಪು ಶಾಯಿಯ ಮಾತೂ ಇರಲಿಲ್ಲ. ಅವರಿಗೆ ಇದ್ದ ಒಂದೇ ಜಂಬ ಅದು. ಮಗನ ಮದುವೆಯ ಆಲ್ಬಮ್ಮಿಗಿಂತ ಹೆಚ್ಚು ಸಲ ಅದರ ವಿಷಯ ಹೇಳುತ್ತಿದ್ದರು.

ಅವರ ನಿವೃತ್ತಿಗೆ ಎರಡು ತಿಂಗಳಿತ್ತು. ಕಬ್ಬಿನ ಕಟಾವಿಗೆ ಸಕ್ಕರೆ ಕಾರ್ಖಾನೆಯ ಪರ್ಮಿಟ್ ಬಂತು, ಆಳುಗಳೂ ಸಿಕ್ಕರು ಎಂದು ಐದು ದಿನ ರಜೆ ಹಾಕಿದರು. ಹೋಗುವಾಗ ಟ್ಯೂಬನ್ನು ನನ್ನ ಕೈಗೆ ಕೊಟ್ಟು, "ಉಸ್ರು ಹಿಡ್ಕಳಿ ಮೇಡಮ್ಮೋರೆ, ಮರೀಬ್ಯಾಡಿ" ಎಂದರು.

ನಾನು ಉಸಿರು ಹಿಡಿಯಲಿಲ್ಲ. ಪುಸ್ತಕದಲ್ಲಿ ಓದಿ ಒಪ್ಪಿಕೊಂಡವಳು ನಾನೇ. ಆದರೆ ಓದಿದ್ದಕ್ಕೂ ನಡೆದುಕೊಳ್ಳುವುದಕ್ಕೂ ಸಂಬಂಧ ಇರಲೇಬೇಕೆಂದು ರ್‍ಯಾಂಕ್ ಕೊಟ್ಟವರು ಎಲ್ಲಿಯೂ ಹೇಳಿರಲಿಲ್ಲ. ಐದು ದಿನವೂ ಟ್ಯೂಬು ಹಚ್ಚಿಯೇ ಇಟ್ಟಿದ್ದೆ. ಹುಡುಗಿಯರು ಕೆಂಪು ಬೆಳಕಿನಲ್ಲಿ ಫೋಟೋ ತೆಗೆದುಕೊಂಡು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದರು. ಪಕ್ಕದ ಹೈಸ್ಕೂಲಿನ ಮಕ್ಕಳನ್ನು ಕರೆಸಿ ಒಂದು ಮಧ್ಯಾಹ್ನ ಪೂರ್ತಿ ತೋರಿಸಿದೆ. ಭೌತಶಾಸ್ತ್ರ ವಿಭಾಗಕ್ಕೆ ಅಷ್ಟು ಕಳೆ ಎಂದೂ ಬಂದಿರಲಿಲ್ಲ. ನಾಲ್ಕನೆಯ ದಿನ ಬೆಳಕು ಪೇಲವವಾಯಿತು. ಐದನೆಯ ದಿನ ಎರಡು ಸಲ ಮಿಣುಕಿ ನಿಂತಿತು.

ರಜೆ ಮುಗಿಸಿ ಬಂದ ಅವರು ಟ್ಯೂಬನ್ನು ಕಿಟಕಿಗೆ ಹಿಡಿದು, ಕಪ್ಪಾದ ತುದಿಗಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಚೆನ್ನಾಗೇ ತಿಂದದೆ" ಎಂದು ಹೇಳಿ ಟೀ ಕುಡಿಯಲು ಹೋದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಮಾರನೆಯ ತಿಂಗಳು ಸಾಮಾನು ಪರಿಶೀಲನೆಗೆ ಬಂದವರು ಕಾಮರ್ಸ್ ವಿಭಾಗದ ಹಿರಿಯ ಉಪನ್ಯಾಸಕರು. ಪುಸ್ತಕದಲ್ಲಿ ಇರುವುದು ಬೀರುವಿನಲ್ಲಿ ಇರಬೇಕು, ಬೀರುವಿನಲ್ಲಿ ಇರುವುದು ಕೆಲಸ ಮಾಡಬೇಕು ಎಂಬುದು ಅವರ ತತ್ತ್ವ. ಅಯಸ್ಕಾಂತಗಳನ್ನು ಒಂದೊಂದಾಗಿ ಬೀರುವಿನ ಬಾಗಿಲಿಗೆ ಅಂಟಿಸಿ ನೋಡಿದರು. ನಿಯಾನ್ ಟ್ಯೂಬಿನ ಸರದಿ ಬಂತು.

"ಉರಿಸಿ."

ಉರಿಯಲಿಲ್ಲ.

"ಒಡೆದಿದೆಯೇ?"

"ಇಲ್ಲ ಸಾ."

"ಸೋರಿದೆಯೇ?"

"ಇಲ್ಲ ಸಾ. ಗಾಜು ತಿಂದದೆ."

ಹಿರಿಯರು ಕನ್ನಡಕ ತೆಗೆದರು. ರಿಜಿಸ್ಟರಿನಲ್ಲಿ ಇದ್ದದ್ದು ಮೂರೇ ಅಂಕಣ: ಇದೆ, ಇಲ್ಲ, ಒಡೆದಿದೆ. ತಿಂದಿದೆ ಎಂಬ ಅಂಕಣ ಸರ್ಕಾರ ಮಾಡಿರಲಿಲ್ಲ. "ಸೀಲು ಹಾಗೇ ಇದೆ, ಒಳಗಿನ ಮಾಲು ಇಲ್ಲ. ಬಾಟಲಿ ಮುಚ್ಚಳ ತೆಗೆಯದೆ ಎಣ್ಣೆ ಖರ್ಚಾಯಿತು ಎಂದರೆ ಯಾರು ನಂಬುತ್ತಾರೆ? ಒಳ್ಳೆಯ ಟ್ಯೂಬನ್ನು ಯಾವುದೋ ಗಣಪತಿ ಪೆಂಡಾಲಿಗೆ ಕೊಟ್ಟು, ಕೆಟ್ಟದ್ದನ್ನು ತಂದಿಟ್ಟಿದ್ದೀರಿ" ಎಂದರು.

ಅಟೆಂಡರ ಮೀಸೆ ನಡುಗಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ. ನಾನು ಮಧ್ಯೆ ಬಂದು ರಾಜಾನಿಲದಿಂದ ಹಿಡಿದು ಎಲ್ಲವನ್ನೂ ವಿವರಿಸಿದೆ. ಹಿರಿಯರು ತಾಳ್ಮೆಯಿಂದ ಕೇಳಿ, ಒಂದೇ ಪ್ರಶ್ನೆ ಹಾಕಿದರು. "ಹೆಚ್ಚು ಹೊತ್ತು ಉರಿಸಿದರೆ ಹೀಗಾಗುತ್ತದೆ ಎನ್ನುತ್ತೀರಿ. ಹಾಗೆ ಉರಿಸಿದವರು ಯಾರು?"

ನನ್ನ ಅತಿಥಿ ಉಪನ್ಯಾಸಕಿ ಕೆಲಸ ಮುಂದಿನ ವರ್ಷಕ್ಕೂ ಮುಂದುವರಿಯಬೇಕೋ ಬೇಡವೋ ಎಂಬ ಪಟ್ಟಿ ಅದೇ ವಾರ ತಯಾರಾಗುತ್ತಿತ್ತು. ನಾನು ಬಾಯಿ ತೆರೆದೆ. ಮತ್ತೆ ಮುಚ್ಚಿದೆ. ಕಿಟಕಿಯಾಚೆ ನೋಡಿದೆ.

"ನಾನೇಯಾ ಸಾ" ಎಂದರು ಅಟೆಂಡರ್. "ಇನ್ಯಾರು ಉರ್ಸಾರು?"

"ನಾಳೆ ಹನ್ನೊಂದಕ್ಕೆ ಪ್ರಿನ್ಸಿಪಾಲರು ಬರುತ್ತಾರೆ. ಸೇವಾ ಪುಸ್ತಕ ತರಿಸಿ ಬರೆಯೋಣ" ಎಂದು ಹಿರಿಯರು ಪೆನ್ನಿನ ಮುಚ್ಚಳ ಹಾಕಿದರು.

ಅವರು ಹೊರಗೆ ಹೋದ ಮೇಲೆ ನಾನು ಅಳುವುದೊಂದು ಬಾಕಿ. ಅಟೆಂಡರ್ ಬೀರು ಒರೆಸುತ್ತಿದ್ದರು. ಪುಸ್ತಕದಲ್ಲಿ ಇನ್ನೊಂದು ಮಾತಿತ್ತು ಎಂದು ಹೇಳಿದೆ. ಗಾಜನ್ನು ಚೆನ್ನಾಗಿ ಕಾಯಿಸಿದರೆ ಒಳಗೆ ಹೊಕ್ಕ ಅನಿಲ ಒಂದಿಷ್ಟು ಹೊರಗೆ ಬರುತ್ತದೆ. ಆದರೆ ಒಂದೇ ಕಡೆ ಕಾದರೆ ಗಾಜು ಬಿರಿಯುತ್ತದೆ, ಎಲ್ಲ ಕಡೆಯೂ ಒಂದೇ ಸಮನೆ ಕಾಯಬೇಕು, ಅಂಥ ಒಲೆ ನಮ್ಮಲ್ಲಿ ಇಲ್ಲ.

ಅವರ ಕೈ ನಿಂತಿತು. "ಒಂದೇ ಸಮ್ಕೆ ಕಾಯ್ಬೇಕಾ? ಮಳ್ಳಲ್ ಹುರೀಬೈದಾ?"

ಅರ್ಧ ಗಂಟೆಯಲ್ಲಿ ನಾವು ಮದ್ದೂರಿನಲ್ಲಿ ಅವರ ಅಕ್ಕನ ಕಡಲೆಪುರಿ ಭಟ್ಟಿಯ ಮುಂದಿದ್ದೆವು. ಮೊಪೆಡ್ಡಿನ ಹಿಂದೆ ಕೂತು, ಟವೆಲಿನಲ್ಲಿ ಸುತ್ತಿದ ಸರ್ಕಾರಿ ಸ್ವತ್ತನ್ನು ಎದೆಗವಚಿಕೊಂಡು ಬಂದ ನನ್ನನ್ನು ದಾರಿಯಲ್ಲಿ ನಮ್ಮ ವಿದ್ಯಾರ್ಥಿಗಳು ನೋಡಿ ಕೈಬೀಸಿದ್ದರು. ಭಟ್ಟಿಯಲ್ಲಿ ದೊಡ್ಡ ಬಾಣಲೆ, ಅದರ ತುಂಬ ಕಪ್ಪು ಮರಳು. ಅಕ್ಕ ಅಕ್ಕಿ ಎರಚಿ ಸೌಟಾಡಿಸಿದರೆ ಚಟಪಟ ಎಂದು ಪುರಿ ಅರಳುತ್ತಿತ್ತು.

"ಏನ್ಲಾ ಅದು, ಜ್ವರ ನೋಡಾದಾ?"

"ನಿಯಾನ್ ಕಣಕ್ಕ. ವಸಿ ಹುರ್ಕೊಡು."

"ತಿನ್ನದಾ?"

"ತಿಂದ್ಬುಟ್ಟದೆ ಕಣಕ್ಕ, ಅದ್ಕೇ ಕಕ್ಕುಸ್ಬೇಕು."

ಅಕ್ಕ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಒಂದು ಹಳೆಯ ಬಾಂಡ್ಲಿಯಲ್ಲಿ ತಣ್ಣನೆಯ ಮರಳು ತುಂಬಿ, ಟ್ಯೂಬನ್ನು ಅದರಲ್ಲಿ ಹೂತು, ಒಲೆಯ ಅಂಚಿಗೆ ಇಟ್ಟರು. ನಿಧಾನಕ್ಕೆ ಒಳಗೆ ಸರಿಸಿದರು. ಕಾವು ಎಷ್ಟಿರಬೇಕೆಂದು ನಾನು ಡಿಗ್ರಿಯಲ್ಲಿ ಹೇಳಲು ಹೊರಟೆ. ಅಕ್ಕ ನಾಲ್ಕು ಕಾಳು ಅಕ್ಕಿ ಎಸೆದರು. ಅಕ್ಕಿ ಅರಳಿತು. "ಬಂತು ಕಾವು, ಸುಮ್ಕೆ ಕುಂತ್ಕಳವ್ವ" ಎಂದರು. ಪುರಿ ಕೊಳ್ಳಲು ಬಂದವನೊಬ್ಬ ಬಾಂಡ್ಲಿಯ ಕಡೆ ಬಗ್ಗಿ, ಅದ್ಯಾವ ಪುರಿ ಎಂದು ಕೇಳಿದ. "ಕಾಲೇಜ್ ಪುರಿ. ನಿಂಗ್ ಅರಗಾಕಿಲ್ಲ, ಈಚೆ ಬಾ" ಎಂದು ಗದರಿದರು.

ಮೂರು ಮೂಟೆ ಪುರಿ ಆಗುವವರೆಗೂ ಕೂತಿದ್ದೆವು. ಕಣ್ಣಿಗೆ ಹೊಗೆ ತುಂಬುತ್ತಿತ್ತು. ಅದರ ನೆಪದಲ್ಲಿ ಕಣ್ಣೊರೆಸಿಕೊಂಡು ಕೇಳಿದೆ: "ಯಾಕೆ ಹಾಗೆ ಹೇಳಿದ್ರಿ? ನಿಮ್ಮ ಸೇವಾ ಪುಸ್ತಕ..."

ಅವರು ಬಿಸಿ ಪುರಿ ಬಾಯಿಗೆ ಹಾಕಿಕೊಂಡರು. "ನಂದಿನ್ನ ಒಂದ್ ತಿಂಗ್ಳು. ನಿಮ್ದು ಇನ್ನೂ ಬಾಳ ದೂರ ಅದೆ. ನಿಮ್ನ ತಗುದಾಕುದ್ರೆ ಈ ಹೈಕ್ಳಿಗೆ ಪಾಠ ಯೋಳೋರ್ಯಾರು? ಬುಡಿ ಅತ್ಲಾಗೆ." ಆದರೆ ಆಮೇಲೆ ಬಹಳ ಹೊತ್ತು ಅವರು ಪುರಿ ತಿನ್ನಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. ನನಗೆ ಆ ಕ್ಷಣವೇ ಎದ್ದು ಕಾಲೇಜಿಗೆ ಓಡಿ ಹೇಳಿಬಿಡಬೇಕು ಅನ್ನಿಸಿತು. ಎದ್ದು ಓಡಲಿಲ್ಲ. ಟ್ಯೂಬು ಉರಿದುಬಿಟ್ಟರೆ ಹೇಳುವ ಪ್ರಸಂಗವೇ ಬರುವುದಿಲ್ಲವಲ್ಲ ಎಂದು ಮನಸ್ಸು ಒಳಗೊಳಗೇ ಲೆಕ್ಕ ಹಾಕುತ್ತಿತ್ತು. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮಾರನೆಯ ದಿನ ಹನ್ನೊಂದಕ್ಕೆ ಅವರು ಬಾಂಡ್ಲಿಯನ್ನು ಮರಳಿನ ಸಮೇತ ಪ್ರಿನ್ಸಿಪಾಲರ ಕೋಣೆಗೆ ಹೊತ್ತು ತಂದರು. ಟ್ಯೂಬನ್ನು ಅಗೆದು ತೆಗೆದು, ಊದಿ, ಒರೆಸಿ, ಸ್ಟ್ಯಾಂಡಿಗೆ ಕೂರಿಸಿದರು. ಗಾಜಿಗೆ ಒಂದು ಪುರಿ ಅಂಟಿಕೊಂಡಿತ್ತು. ಮೊದಲ ಸಲ ಸ್ವಿಚ್ ಹಾಕಿದಾಗ ಏನೂ ಆಗಲಿಲ್ಲ. ಎರಡನೆಯ ಸಲ ಒಂದು ಮಿಣುಕು. ಮೂರನೆಯ ಸಲ ನಡುವಿನ ಸಣ್ಣ ಕೊಳವೆಯಲ್ಲಿ ಕೆಂಪು ಗೆರೆಯೊಂದು ಮೂಡಿ, ನಡುಗಿ, ನಿಂತಿತು. ಮೊದಲಿನ ಕೆಂಪಲ್ಲ, ಬಡಕಲು ಕೆಂಪು. ಆದರೆ ಸುಳ್ಳು ಹೇಳಲಾಗದ ನಿಯಾನ್ ಕೆಂಪು. ಅಟೆಂಡರ್ ಕೆನ್ನೆ ಉಬ್ಬಿಸಿ ನಿಂತಿದ್ದರು. ಎದುರಿಗೆ ನೋಡಿದರೆ ಕಾಮರ್ಸ್ ಹಿರಿಯರ ಕೆನ್ನೆಯೂ ಉಬ್ಬಿತ್ತು. ಪ್ರಿನ್ಸಿಪಾಲರದ್ದೂ. ಕೋಣೆಯಲ್ಲಿ ಉಸಿರಾಡುತ್ತಿದ್ದದ್ದು ಫ್ಯಾನು ಮಾತ್ರ.

ಟ್ಯೂಬು ಆರಿತು. ಎಲ್ಲರೂ ಉಸಿರು ಬಿಟ್ಟರು.

"ಹಾಗಾದರೆ ಕಳುವಾಗಿಲ್ಲ" ಎಂದರು ಹಿರಿಯರು, ನಿಜವಾಗಿಯೂ ಸಂತೋಷದಿಂದ. ಆಮೇಲೆ ತತ್ತ್ವ ನೆನಪಾಗಿ ಸೇವಾ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡರು. "ಆದರೂ ಅತಿಯಾಗಿ ಉರಿಸಿ ಹಾಳು ಮಾಡಿದ್ದು ಅಜಾಗರೂಕತೆಯೇ. ನೀವೇ ಒಪ್ಪಿಕೊಂಡಿದ್ದೀರಿ. ಒಂದು ಸಾಲು ಬರೆಯಲೇಬೇಕು." ಕೆಂಪು ಪೆನ್ನು ತೆಗೆದರು. ಅಟೆಂಡರ್ ತಲೆ ತಗ್ಗಿಸಿ ಬಾಂಡ್ಲಿಯ ಮರಳನ್ನು ಕೈಯಿಂದ ಮಟ್ಟ ಮಾಡತೊಡಗಿದರು.

ಪೆನ್ನು ಕಾಗದಕ್ಕೆ ತಾಗುವುದರಲ್ಲಿತ್ತು. "ಅವರ ಹೆಸರು ಬರೀಬೇಡಿ ಸಾರ್" ಎಂದೆ. "ಉರಿಸಿದ್ದು ನಾನು. ಐದು ದಿನ. ಅವರು ರಜೆಯಲ್ಲಿದ್ದರು. ಹಾಜರಿ ಪುಸ್ತಕ ನೋಡಿ."

"ಸುಮ್ಕಿರಿ ಮೇಡಮ್ಮೋರೆ!" ಎಂದು ಅಟೆಂಡರ್ ಗದರಿದರು. ನಾನು ಸುಮ್ಮನಿರಲಿಲ್ಲ. ವಾಟ್ಸಾಪ್ ಸ್ಟೇಟಸ್ಸಿನವರೆಗೂ ಒಪ್ಪಿಸಿಬಿಟ್ಟೆ.

ಹಿರಿಯರು ಪೆನ್ನು ಹಿಡಿದೇ ಕೇಳಿದರು, "ಸರಿ, ನಿಮ್ಮ ಸೇವಾ ಪುಸ್ತಕ ಎಲ್ಲಿ?" ಪ್ರಿನ್ಸಿಪಾಲರು ಕೆಮ್ಮಿದರು. ಅತಿಥಿ ಉಪನ್ಯಾಸಕರಿಗೆ ಸೇವಾ ಪುಸ್ತಕವೇ ಇರುವುದಿಲ್ಲ. ನನ್ನ ತಪ್ಪನ್ನು ಬರೆಯಲು ಸರ್ಕಾರದಲ್ಲಿ ಒಂದು ಹಾಳೆಯೂ ಇರಲಿಲ್ಲ. ಕೆಂಪು ಪೆನ್ನು ಸ್ವಲ್ಪ ಹೊತ್ತು ಗಾಳಿಯಲ್ಲಿ ಅಲೆದು ಜೇಬಿಗೆ ಮರಳಿತು. ಕೊನೆಗೆ ಹಿರಿಯರು ಸಾಮಾನಿನ ರಿಜಿಸ್ಟರ್ ತೆಗೆದು, 'ಇದೆ', 'ಇಲ್ಲ' ಎರಡಕ್ಕೂ ಅಡ್ಡಲಾಗಿ ದುಂಡಗೆ ಬರೆದರು: "ಟ್ಯೂಬು ಬೀರುವಿನಲ್ಲಿ ಇದೆ. ನಿಯಾನ್ ಗಾಜಿನಲ್ಲಿ ಇದೆ. ಹುರಿದರೆ ಬರುತ್ತದೆ." ಕೆಳಗೆ ಸಹಿ, ಮೊಹರು. ಆ ರಿಜಿಸ್ಟರು ಈಗಲೂ ಇದೆ. ಪ್ರತಿ ವರ್ಷ ಪರಿಶೀಲನೆಗೆ ಬಂದವರು ಅದನ್ನು ಓದಿ ನನ್ನ ಮುಖ ನೋಡುತ್ತಾರೆ.

ನನ್ನ ಕೆಲಸವೂ ಹೋಗಲಿಲ್ಲ. ಪ್ರಿನ್ಸಿಪಾಲರು ಕಾಲು ಗಂಟೆ ಬೈದು ಮುಂದುವರಿಸಿದರು. ಆ ಜಾಗಕ್ಕೆ ಬೇರೆ ಯಾರೂ ಅರ್ಜಿಯನ್ನೇ ಹಾಕಿರಲಿಲ್ಲವಂತೆ.

ಅಟೆಂಡರ್ ತಿಂಗಳ ಕೊನೆಗೆ ಹಾರ ಹಾಕಿಸಿಕೊಂಡು, ಮಚ್ಚೆಯಿಲ್ಲದ ಸೇವಾ ಪುಸ್ತಕ ಬಿಟ್ಟು ಮನೆಗೆ ಹೋದರು. ಆಮೇಲೂ ಆಗಾಗ ಕಬ್ಬಿನ ಜಲ್ಲೆ ಹಿಡಿದುಕೊಂಡು ಲ್ಯಾಬಿಗೆ ಬಂದು, ಹೊಸ ಅಟೆಂಡರಿಗೆ ಬೈದು ಹೋಗುತ್ತಿದ್ದರು. ನಿಯಾನ್ ವಿಷಯ ನಾವು ಮತ್ತೆ ಎತ್ತಲಿಲ್ಲ. ಕ್ಷಮಿಸಿ ಎಂದು ಒಂದು ಮಾತು ಕೇಳಬೇಕೆಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದೆ. ಅವರು ಬಂದ ಕೂಡಲೇ ಜಲ್ಲೆ ಮುರಿದು ಕೈಗಿಡುತ್ತಿದ್ದರು, ಬಾಯಿ ತುಂಬ ಕಬ್ಬಿಟ್ಟುಕೊಂಡು ಕ್ಷಮೆ ಕೇಳುವುದು ಹೇಗೆ? ಕಳೆದ ವರ್ಷ ಒಂದು ಬೆಳಿಗ್ಗೆ ಗದ್ದೆಯಿಂದ ಬಂದು ಜಗಲಿಯ ಮೇಲೆ ಒರಗಿದವರು ಏಳಲಿಲ್ಲ.

ತಿಥಿಯ ದಿನ ಕೊತ್ತತ್ತಿಗೆ ಹೋದೆ. ಅವರ ಹೆಂಡತಿಯನ್ನು ನಾನು ನೋಡಿದ್ದು ಅದೇ ಮೊದಲು. ಇವರು ಕಾಲೇಜಿನವರು ಎಂದು ಯಾರೋ ಹೇಳಿದ್ದೇ ತಡ, ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

"ನೀವೇನವ್ವಾ ನಿಯಾನ್ ಮೇಡಮ್ಮು? ಅಟ್ಟಿಗ್ ಬಂದೋರ್ಗೆಲ್ಲಾ ನಿಮ್ ಸುದ್ದಿನೇ ಯೋಳೋರು. ಮೂವತ್ತೆಲ್ಡು ವರ್ಸ್ದಲ್ಲಿ ತಪ್ಪು ನಂದು ಅಂದಿದ್ದು ಆ ಯಮ್ಮ ಒಬ್ಳೇ ಕಣೇ ಅನ್ನೋರು. ಉರ್ಸಿದ್ದು ಯಾರು ಅಂತ ಆಫೀಸರು ಕೇಳ್ತಿದ್ದಂಗೇ ಎದ್ ನಿಂತ್ಕಂಡು ನಾನು ಅಂದ್ಬುಟ್ರಂತಲ್ಲ. ಒಂದ್ ಗಳ್ಗೆನೂ ಯೋಚ್ನೆ ಮಾಡ್ನಿಲ್ವಂತೆ."

ನಾನು ಒಂದು ದಿನ ಪೂರ್ತಿ ಯೋಚನೆ ಮಾಡಿದ್ದೆ. ಕಿಟಕಿಯಾಚೆ ನೋಡಿದ್ದೆ. ಆ ಒಂದು ದಿನವನ್ನು ಅವರು ಹೆಂಡತಿಗೂ ಹೇಳಿರಲಿಲ್ಲ.